ತಾರಸಿಯ ಮೇಲಿನ ಪುಂಡಿ ಸಸಿಗಳು

ನಾನು ನಿಂತಿದ್ದು ಕುವೈತಿನ ಫರ್ವಾನಿಯಾದ ನಮ್ಮ ಕಟ್ಟಡದ ತಾರಸಿಯ ಮೇಲೆ, ಮೆಟ್ಟಿಲ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಸಿಗುವ ನೀರಿನ ಟ್ಯಾಂಕಿನ ಪಕ್ಕದಲ್ಲಿ. ಕೆಲವು ವರ್ಷಗಳ ಹಿಂದಿನ ನವೆಂಬರ್ ತಿಂಗಳ ಒಂದು ಶುಕ್ರವಾರ. ಜುಮ್ಮಾ ನಮಾಜಿಗೆ ಇನ್ನೂ ಕರೆ ಕೊಟ್ಟಿರಲಿಲ್ಲ. ನನ್ನ ಕಾಲು ಟ್ಯಾಂಕಿನ ನೆರಳಿನಲ್ಲಿತ್ತು, ಎದುರು ಮನೆಯ ಅಕ್ಕನದು ಬಿಸಿಲಿನಲ್ಲಿ. ನನಗೂ ಅವರಿಗೂ ನಡುವೆ ಒಂದು ಡಿಶ್ ಆಂಟೆನಾದ ಕಂಬ ಬಿಟ್ಟರೆ ಬೇರೇನೂ ಅಡ್ಡ ಇರಲಿಲ್ಲ. ಆದ್ದರಿಂದ ನೋಡಿದ್ದನ್ನು ಸರಿಯಾಗಿಯೇ ನೋಡಿದ್ದೇನೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಜೂನ್‌ನಲ್ಲಿ ಅವರು ನಿವೃತ್ತರಾಗಿ ಊರಿಗೆ ಹೊರಟಾಗ ನಮ್ಮ ಕನ್ನಡ ಬಳಗದವರು ಒಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅಲ್ಲಿ ಆ ಶುಕ್ರವಾರದ ಕಥೆ ಬಾಯಿಗೊಂದು ತರಹ ಕೇಳಿಬಂತು. ಯಾರೋ ದೊಡ್ಡವರು ಫೋನ್ ಮಾಡಿ ಬಿಡಿಸಿದರು ಎಂದರು ಒಬ್ಬರು. ಅವರು ಪೊಲೀಸರ ಕಾಲು ಹಿಡಿದು ಅತ್ತರು ಎಂದರು ಇನ್ನೊಬ್ಬರು. ಅದು ನಿಜವಾಗಿಯೂ ಗಾಂಜಾವೇ ಆಗಿತ್ತು, ಹೇಗೋ ಮುಚ್ಚಿಹೋಯಿತು ಎಂದು ಮತ್ತೊಬ್ಬರು ಪಾಯಸ ಕುಡಿಯುತ್ತ ಹೇಳಿದರು. ಹೀಗೆ ಹೇಳಿದವರಲ್ಲಿ ಯಾರೂ ಆ ದಿನ ತಾರಸಿಯ ಮೇಲೆ ಇರಲಿಲ್ಲ. ನಾನಿದ್ದೆ.

ಅವರ ಹೆಸರು ಬರೆಯುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಕೇಳಿದೆ, ಬರೆಯಲೇ ಎಂದು. "ನನ್ನ ಹೆಸರು ಬರೀಬ್ಯಾಡ್ರಿ ಸಾಹೇಬ್ರ, ಪುಂಡಿ ಹೆಸರು ಬರೀರಿ, ಅದಕ್ಕ ಅಪವಾದ ಬಂದಿತ್ತು" ಎಂದರು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಲ್ಯಾಬ್ ಅಕ್ಕ ಎನ್ನುತ್ತಿದ್ದೆವು. ಕಲಬುರ್ಗಿ ಕಡೆಯವರು. ಇಲ್ಲಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ಅವರ ಕೆಲಸ. ಗಂಡ ಇಲ್ಲಿಯ ಕೈಗಾರಿಕಾ ಪ್ರದೇಶ ರಾಯ್‌ನಲ್ಲಿ ಜನರೇಟರ್ ರಿಪೇರಿ ಮಾಡುವ ಕಡೆ ಇದ್ದರಂತೆ. ನಾವು ಬರುವುದಕ್ಕೆ ಬಹಳ ಮುಂಚೆಯೇ ತೀರಿಕೊಂಡಿದ್ದರು. ಅಕ್ಕ ಇಲ್ಲಿಯೇ ಉಳಿದರು. ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು.

ನಾನು ಅವರನ್ನು ಮೊದಲು ಕಂಡದ್ದು ಆಸ್ಪತ್ರೆಯಲ್ಲಿ, ಸೂಜಿಯೊಂದಿಗೆ. ನನಗೆ ಸೂಜಿ ಎಂದರೆ ಕಣ್ಣು ಕತ್ತಲೆ ಬರುತ್ತದೆ. ತೋಳು ಚಾಚಿ ಮುಖ ತಿರುಗಿಸಿದೆ. "ಯಾವೂರ್ರಿ?" ಎಂದರು. ತುಮಕೂರು ಎಂದೆ. "ತುಮಕೂರಾಗ ಹಲಸಿನ ಹಣ್ಣು ಚಲೋ ಬರ್ತದಂತ, ಹೌದೇನ್ರಿ?" ಹೌದು, ತೋವಿನಕೆರೆ ಕಡೆ ಎಂದು ನಾನು ಹೇಳಲು ಶುರುಮಾಡಿದೆ. "ಆತು, ಹತ್ತಿ ಒತ್ತಿ ಹಿಡೀರಿ. ಉಳಿದದ್ದು ಮನ್ಯಾಗ ಹೇಳ್ರಿ" ಎಂದರು. ಸೂಜಿ ಯಾವಾಗ ಚುಚ್ಚಿದರೋ ಗೊತ್ತಾಗಲಿಲ್ಲ. "ಸೂಜಿ ತೋರಿಸಬಾರ್ದು, ಮಾತು ತೋರಿಸಬೇಕು" ಎನ್ನುವುದು ಅವರ ಮಾತು. ಕುವೈತಿ ಮುದುಕಿಯರ ಜೊತೆಯೂ ಅಷ್ಟೇ. "ಲಾ ತಖಾಫೀ, ಯುಮ್ಮಾ," ಹೆದರಬೇಡಮ್ಮ, ಎನ್ನುತ್ತ ಅವರ ಮೊಮ್ಮಕ್ಕಳ ವಿಷಯಕ್ಕೆ ಹೋಗಿಬಿಡುತ್ತಿದ್ದರು. ಅವರ ಅರಬ್ಬಿಯಲ್ಲಿ ಕಲಬುರ್ಗಿಯ ಎಳೆತ ಇತ್ತು. ಯಾರೂ ನಕ್ಕದ್ದನ್ನು ನಾನು ನೋಡಲಿಲ್ಲ.

ಊರಿನಿಂದ ಹೊಸದಾಗಿ ಬಂದ ನರ್ಸ್ ಹುಡುಗಿಯರನ್ನು ಮೊದಲ ವಾರ ಮನೆಗೆ ಕರೆದು ಉಣ್ಣಿಸುತ್ತಿದ್ದರು. ಉಣ್ಣಿಸಿದ ಮೇಲೆ ಬೈಯುತ್ತಿದ್ದರು: "ಫೋನಿನ್ಯಾಗ ಅವ್ವನ ಮುಂದ ದಿನಾ ಅಳಬ್ಯಾಡ. ಒಂದಿನ ಅಳು, ಒಂದಿನ ಬಿಡು. ಹಂಗ ರೂಢಿ ಆಗ್ತದ." ಅವರ ಸಸಿಗಳ ವಿಷಯದಲ್ಲಿಯೂ ಇದೇ ಕ್ರಮ ಎಂದು ನನಗೆ ಗೊತ್ತಾದದ್ದು ಆಮೇಲೆ.

ಪುಂಡಿ ಎಂದರೆ ಏನೆಂದು ತಿಳಿಯದವರಿಗಾಗಿ ಹೇಳಬೇಕು, ನನಗೂ ತಿಳಿದಿರಲಿಲ್ಲ. ಅದೊಂದು ಹುಳಿ ಸೊಪ್ಪು. ಅವರ ಕಡೆ ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಜೊತೆ ತಿನ್ನುತ್ತಾರೆ. ಸಸಿಯ ಮೊದಲ ಎಲೆಗಳು ದುಂಡಗಿರುತ್ತವೆ. ಆಮೇಲಿನ ಎಲೆಗಳು ಬೆರಳು ಬಿಡಿಸಿದ ಅಂಗೈಯಂತೆ ಸೀಳುತ್ತವೆ, ಅಂಚಿಗೆ ಗರಗಸದ ಹಲ್ಲು. ಗಾಂಜಾ ಎಲೆಯನ್ನು ಚಿತ್ರದಲ್ಲಿ ಮಾತ್ರ ನೋಡಿದವನು ಇದನ್ನು ನೋಡಿದರೆ ಅದೇ ಇದು ಎನ್ನುತ್ತಾನೆ. ಇಲ್ಲಿ ಗಾಂಜಾ ಬೆಳೆದರೆ ಏನಾಗುತ್ತದೆ ಎನ್ನುವುದನ್ನು ಗಲ್ಫಿನಲ್ಲಿ ಇರುವ ಯಾರಿಗೂ ಹೇಳಬೇಕಾಗಿಲ್ಲ. ಸೆರೆಮನೆ, ಅದು ಮುಗಿದ ಮೇಲೆ ದೇಶದಿಂದ ಹೊರಗೆ, ಮತ್ತೆ ಬರುವ ಹಾಗಿಲ್ಲ.

"ನಮ್ಮ ಕಡಿ ಪುಂಡಿಗಿ ಸಸಿ ಮಾಡ್ತೀನಿ ಅಂದ್ರ ನಗ್ತಾರ್ರಿ. ಹೊಲದ ಬದುವಿಗಿ ಬೀಜ ಚೆಲ್ಲಿ ಹೋಗ್ತಾರ, ಅದರ ಪಾಡಿಗಿ ಅದು ಬರ್ತದ" ಎಂದು ಅವರೇ ಹೇಳುತ್ತಿದ್ದರು. ಕುವೈತಿನಲ್ಲಿ ಅದು ನಡೆಯುವುದಿಲ್ಲ. ಬೇಸಿಗೆ ಮುಗಿಯುವ ಮೊದಲು ತಾರಸಿಯಲ್ಲಿ ಬೀಜ ಹಾಕಿದರೆ ಮಣ್ಣಿನೊಳಗೇ ಹುರಿದುಹೋಗುತ್ತದೆ. ತಂಪಾಗಲೆಂದು ಕಾದರೆ ಚಳಿ ಹಿಡಿದು ಗಿಡ ಏಳುವುದಿಲ್ಲ. ಆದ್ದರಿಂದ ಅವರು ಕೋಣೆಯ ಕಿಟಕಿಯ ಹತ್ತಿರ ಕಾಗದದ ಚಹಾ ಲೋಟಗಳಲ್ಲಿ ಬೀಜ ಹಾಕುತ್ತಿದ್ದರು. ತಾರಸಿ ಟ್ಯಾಂಕಿನ ನೀರು ಆ ದಿನಗಳಲ್ಲಿ ಕೈ ಸುಡುತ್ತದೆ; ಅದಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕ್ಯಾನಿನಲ್ಲಿ ಹಿಡಿದಿಟ್ಟು ಚಮಚದಲ್ಲಿ ಹಾಕುತ್ತಿದ್ದರು. ಸಸಿ ಎದ್ದ ಮೇಲೆ ಬಿಸಿಲಿನ ರೂಢಿ. ಬೆಳಿಗ್ಗೆ ಟ್ರೇಯಲ್ಲಿ ಮೇಲೆ ಒಯ್ದು ಸ್ವಲ್ಪ ಹೊತ್ತು ಇಟ್ಟು ಕೆಳಗೆ ತರುವುದು, ದಿನ ಕಳೆದಂತೆ ಆ ಹೊತ್ತನ್ನು ಹೆಚ್ಚಿಸುವುದು. ಗಾಳಿಗೆ ಒಣಗದಿರಲಿ ಎಂದು ಟ್ರೇಯ ಮೇಲೆ ಬಿಳಿ ಬಟ್ಟೆ. ಎಲೆ ಸೀಳುವ ಹೊತ್ತಿಗೆ ದೊಡ್ಡ ಪೆಟ್ಟಿಗೆಗಳಿಗೆ ಬದಲಾವಣೆ. ಹಿಂದಿನ ವರ್ಷದ ಒಂದು ಗಿಡವನ್ನು ಬೀಜಕ್ಕೆಂದು ಕುಂಡದಲ್ಲಿ ಉಳಿಸಿಕೊಳ್ಳುತ್ತಿದ್ದರು. ಅದನ್ನು ತಾಯಿ ಎನ್ನುತ್ತಿದ್ದರು.

ಈಗ ಯೋಚಿಸಿದರೆ ಅರ್ಥವಾಗುತ್ತದೆ. ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಟ್ಟೆ ಮುಚ್ಚಿದ ಟ್ರೇ ಹಿಡಿದು ತಾರಸಿಗೆ ಹೋಗುತ್ತಾಳೆ, ಟ್ಯಾಂಕುಗಳ ಹಿಂದೆ ಇಡುತ್ತಾಳೆ, ಮತ್ತೆ ಮುಚ್ಚಿಕೊಂಡು ಕೆಳಗೆ ತರುತ್ತಾಳೆ. ಆರೈಕೆ ಎಂದು ತಿಳಿದವರಿಗೆ ಆರೈಕೆ. ತಿಳಿಯದವರಿಗೆ ಬಚ್ಚಿಡುವುದು.

ಆ ವರ್ಷ ಬಳಗದ ರಾಜ್ಯೋತ್ಸವದ ಊಟಕ್ಕೆ ಪುಂಡಿ ಪಲ್ಯ ತಮ್ಮದು ಎಂದು ಅವರು ಒಪ್ಪಿಕೊಂಡಿದ್ದರು. ಇಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೇ ಆಗಬೇಕೆಂದಿಲ್ಲ. ಹಾಲ್ ಸಿಕ್ಕಾಗ ಆಗುತ್ತದೆ. ಆ ಸಲ ಡಿಸೆಂಬರ್ ಕೊನೆಗೆ ಸಿಕ್ಕಿತ್ತು. ಹಾಗಾಗಿ ಸಸಿಗಳು ಎಂದಿಗಿಂತ ಹೆಚ್ಚು. ನಮ್ಮ ಕಟ್ಟಡದಲ್ಲಿಯೇ ಇದ್ದ ದಿನಕರ, ಹಾಸನದವನು, ಬ್ಯಾಂಕಿನಲ್ಲಿ ಕೆಲಸ, ಒಂದು ಸಂಜೆ ತಾರಸಿಗೆ ಬಟ್ಟೆ ತೆಗೆಯಲು ಹೋದವನು ಆ ಟ್ರೇಯ ಫೋಟೋ ತೆಗೆದು ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಕೆಳಗೆ ಬರೆದಿದ್ದ: 'ಅಕ್ಕನ ಗಾಂಜಾ ತೋಟ. ರಾಜ್ಯೋತ್ಸವಕ್ಕೆ ಎಲ್ಲರಿಗೂ ಪ್ರಸಾದ.' ಎಲ್ಲರೂ ನಕ್ಕರು. ಅಕ್ಕನೂ ನಗುವ ಮುಖವೊಂದನ್ನು ಕಳಿಸಿದರು. ಆ ಫೋಟೋ ಅಲ್ಲಿಂದ ಯಾರ ಕೈಗೆ ಹೋಯಿತೋ ನನಗೆ ಗೊತ್ತಿಲ್ಲ. ತಮಾಷೆ ಕನ್ನಡದಲ್ಲಿತ್ತು; ಚಿತ್ರಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಆ ಶುಕ್ರವಾರ ಸಸಿ ಹಚ್ಚುವ ದಿನ. ನೆಡುವುದಕ್ಕೆ ಅಕ್ಕ ಹಚ್ಚುವುದು ಎನ್ನುತ್ತಿದ್ದರು. ಹಚ್ಚುವುದು ಸಂಜೆ, ಬಿಸಿಲು ಇಳಿದ ಮೇಲೆ. ಬೆಳಿಗ್ಗೆ ಪೆಟ್ಟಿಗೆ ತುಂಬಿಸುವುದು. ರಾಯ್‌ನ ನರ್ಸರಿಯಿಂದ ಮಣ್ಣಿನ ಚೀಲಗಳನ್ನು ನನ್ನ ಕಾರಿನಲ್ಲೇ ತಂದಿದ್ದೆವು. ಮೀನು ಬರುವ ಥರ್ಮೋಕೋಲ್ ಪೆಟ್ಟಿಗೆಗಳ ತಳಕ್ಕೆ ತೂತು ಮಾಡಿ ಸಾಲಾಗಿ ಇಟ್ಟಿದ್ದರು. ನಾನು, ನನ್ನ ಹೆಂಡತಿ ಭಾರತಿ, ದಿನಕರ, ಮತ್ತು ಕೆಳಗಿನ ಮಹಡಿಯ ಸೆವ್ರಿನ್ ಬಾಯಿ ಇದ್ದೆವು. ಸೆವ್ರಿನ್ ಬಾಯಿ ಕಾರ್ಕಳದ ಕಡೆಯವರು, ಮನೆಯಲ್ಲಿ ಕೊಂಕಣಿ. ಅಕ್ಕನ ಆಸ್ಪತ್ರೆಯಲ್ಲೇ ಕೆಲಸ.

"ಎಂತ ಅಕ್ಕ, ಮೀನಿನ ಪೆಟ್ಟಿಗೆಯಲ್ಲಿ ಬೆಳೆದ ಸೊಪ್ಪು ನೀವು ತಿಂತೀರಾ? ನಿಮ್ಮ ಮಡಿ ಎಲ್ಲಿ ಹೋಯ್ತು?" ಎಂದು ಸೆವ್ರಿನ್ ಬಾಯಿ ಕಿಚಾಯಿಸಿದರು.

"ಮಡಿ ವಿಮಾನದಾಗ ಬಿಟ್ಟು ಇಳದೀನಿ ತಾಯಿ. ನೀ ಮಣ್ಣು ಹಾಕು."

ಅಕ್ಕ ಒಂದು ಸಸಿಯನ್ನು ಮಾತ್ರ ಹಚ್ಚಿ ತೋರಿಸಿದರು. ಲೋಟದ ತಳ ಹರಿದು, ಮಣ್ಣಿನ ಉಂಡೆ ಒಡೆಯದಂತೆ ಕುಳಿಗೆ ಇಳಿಸಿ, ಎರಡು ಬೆರಳಿನಲ್ಲಿ ಸುತ್ತ ಒತ್ತಿದರು. "ರಕ್ತ ತಗದ ಮ್ಯಾಲ ಹತ್ತಿ ಒತ್ತಂಗಿಲ್ಲೇನು, ಹಂಗ. ಜೋರೂ ಅಲ್ಲ, ಸಡಿಲೂ ಅಲ್ಲ."

ಆಗ ಮೆಟ್ಟಿಲ ಬಾಗಿಲು ಗೋಡೆಗೆ ಬಡಿಯಿತು. ಮೊದಲು ಬಂದವನು ಈಜಿಪ್ಟಿನ ಅಬು ಸಮೀರ್, ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಅವನ ಮುಖ ಬಿಳಿಚಿತ್ತು. ಹಿಂದೆ ದಿಶ್‌ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟ ಇಬ್ಬರು ಮಫ್ತಿ ಪೊಲೀಸ್ ಅಧಿಕಾರಿಗಳು, ಒಬ್ಬರು ನಡುವಯಸ್ಸಿನವರು, ಒಬ್ಬ ಹುಡುಗು ಪ್ರಾಯದವನು. ಅವರ ಹಿಂದೆ ಸಮವಸ್ತ್ರದ ಪೊಲೀಸ್ ಒಬ್ಬ. ಕಿರಿಯವನು ನೇರವಾಗಿ ಟ್ರೇಯ ಹತ್ತಿರ ಹೋಗಿ ಬಟ್ಟೆ ಎಳೆದ.

"ಶಿನು ಹಾದಾ?" ಇದು ಏನು, ಎಂದು ಕೇಳಿದ.

ನನ್ನ ಅರಬ್ಬಿ ಅಂಗಡಿಯ ಅರಬ್ಬಿ. ಆದರೂ ಅಲ್ಲಿ ಆದ ಮಾತು ಸಣ್ಣ ಸಣ್ಣ ಮಾತು, ಅರ್ಥವಾಯಿತು. ಅಕ್ಕ ಎದ್ದು ನಿಂತು, ತಿನ್ನುವ ಸೊಪ್ಪು ಎಂದರು. ತಿನ್ನುವ ಸೊಪ್ಪಿಗೆ ಬಟ್ಟೆ ಯಾಕೆ ಮುಚ್ಚಿದ್ದೀಯ, ಎಂದ ಅವನು. ನಿಮ್ಮ ಮಗುವನ್ನು ಬಿಸಿಲಿನಲ್ಲಿ ಒಯ್ಯುವಾಗ ಮುಚ್ಚುವುದಿಲ್ಲವೇ, ಎಂದರು ಇವರು. ಅವನು ಲೋಟಗಳಲ್ಲಿ ಏನಾದರೂ ಅಡಗಿಸಿದ್ದಾರೋ ಎಂದು ಟ್ರೇಯನ್ನೇ ಬೋರಲು ಹಾಕಿದ. ಲೋಟಗಳು ಉರುಳಿದವು, ಮಣ್ಣು ಚೆದುರಿತು, ಸಸಿಗಳು ಬೇರು ಬಯಲಾಗಿ ಸಿಮೆಂಟಿನ ಮೇಲೆ ಬಿದ್ದವು.

ಅಕ್ಕ ಅಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಯಾರ ಕಾಲನ್ನೂ ಹಿಡಿಯಲಿಲ್ಲ. ಅವರ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ನರ ಹುಡುಕುವಾಗ ಮಾಡುವ ಹಾಗೆ. ಅಷ್ಟೇ ನಾನು ಕಂಡ ಭಯ. ಬಗ್ಗಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಇನ್ನೊಂದು ಎಲೆಯನ್ನು ಕಿರಿಯವನ ಮುಂದೆ ಹಿಡಿದು, ಆಸ್ಪತ್ರೆಯ ಅದೇ ದನಿಯಲ್ಲಿ, "ಲಾ ತಖಾಫ್" ಎಂದರು. ಹೆದರಬೇಡ ಎಂದು ಅವರು ಪೊಲೀಸನಿಗೆ ಹೇಳಿದ್ದನ್ನು ಕೇಳಿ ಅಬು ಸಮೀರ್ ಕಣ್ಣು ಮುಚ್ಚಿಕೊಂಡ.

ಹಿರಿಯವರು ಅಷ್ಟರಲ್ಲಿ ಟ್ಯಾಂಕಿನ ಹಿಂದೆ ಹೋಗಿ ತಾಯಿ ಗಿಡದ ಮುಂದೆ ನಿಂತರು. ಅದರಲ್ಲಿ ಆಗ ಹೂವಿತ್ತು: ಕೆನೆ ಬಣ್ಣದ ದೊಡ್ಡ ಹೂವು, ನಡುವೆ ಕಡುಗೆಂಪು. ಬೆರಳಿನಿಂದ ಹೂವನ್ನು ಎತ್ತಿ ನೋಡಿ, "ಬಾಮಿಯಾ?" ಎಂದರು. ಬಾಮಿಯಾ ಎಂದರೆ ಬೆಂಡೆಕಾಯಿ. ಅಕ್ಕನ ಮುಖ ಅರಳಿತು. ಬೆಂಡೆಯ ತಂಗಿ, ಎಂದರು. ಹಿರಿಯವರಿಗೆ ವಫ್ರಾದಲ್ಲಿ ತೋಟವಿತ್ತಂತೆ; ನಮ್ಮಲ್ಲಿ ಬಾಮಿಯಾದ ಹೂವು ಹೀಗೆಯೇ ಇರುತ್ತದೆ ಎಂದು ಕಿರಿಯವನಿಗೆ ತೋರಿಸಿದರು. ಅವನು ಎಲೆ ತೋರಿಸಿದ. ಇವರು ಹೂವು ತೋರಿಸಿದರು. ಸ್ವಲ್ಪ ಹೊತ್ತು ಹೀಗೆ ನಡೆಯಿತು. ಕೊನೆಗೆ ಹಿರಿಯವರು ಅಕ್ಕನ ಕಡೆ ತಿರುಗಿ, ನನಗೆ ಅನ್ನಿಸಿದ್ದು ಸಾಲದು, ತಿಳಿದವರು ನೋಡಿ ಹೇಳಬೇಕು, ನೀವೂ ಗಿಡವೂ ಬರಬೇಕು ಎಂದರು. ಮರ್ಯಾದೆಯಿಂದಲೇ ಹೇಳಿದರು. ಕೆಳಗೆ ಕಾರಿನಲ್ಲಿ ಮಹಿಳಾ ಪೊಲೀಸ್ ಇದ್ದಾರೆ ಎಂದೂ ಹೇಳಿದರು.

ಕಿರಿಯವನು ತಾಯಿ ಗಿಡದ ಕಾಂಡಕ್ಕೆ ಕೈ ಹಾಕಿದ. ಅಕ್ಕ ಅವನ ಮಣಿಕಟ್ಟಿನ ಹತ್ತಿರ ಕೈ ಅಡ್ಡ ಹಿಡಿದರು, ಮುಟ್ಟಲಿಲ್ಲ. ಕೀಳಬೇಡ, ಎಂದರು. ಕುಂಡದ ಸಮೇತ ಒಯ್ಯಿ. ಸಂಜೆಗೆ ಇದು ಸೊಪ್ಪು ಎಂದು ಗೊತ್ತಾದರೆ ನನಗೆ ಜೀವಂತ ವಾಪಸ್ ಬೇಕು.

ಸಂಜೆಗೆ, ಎಂದರು. ತಾವು ಸಂಜೆಗೆ ಮರಳಿ ಬರುವುದು ಖಂಡಿತ ಎಂದು ನಮ್ಮಲ್ಲಿ ನಂಬಿದವರು ಅವರೊಬ್ಬರೇ. ಹಿರಿಯವರು ತಲೆ ಆಡಿಸಿದರು. ಸಮವಸ್ತ್ರದವನು ಕುಂಡ ಎತ್ತಿಕೊಂಡ.

ಬಾಗಿಲ ಹತ್ತಿರ ಅಕ್ಕ ತಿರುಗಿ ಕನ್ನಡದಲ್ಲಿ ಹೇಳಿದರು: "ಬೇರಿಗಿ ಬಿಸಿಲು ಹತ್ತಬಾರ್ದು. ಒದ್ದಿ ಅರಿವಿ ಹಾಕ್ರಿ. ಸಂಜಿ ತನಕ ತಡಿಯಂಗಿಲ್ಲ ಅವು, ಈಗೇ ಹಚ್ಚಿಬಿಡ್ರಿ." ಆಮೇಲೆ ಇಳಿದುಹೋದರು.

ನಾವು ನಿಂತೇ ಇದ್ದೆವು. ಸಸಿಗಳು ನಮ್ಮ ಮುಂದೆ ಬಿದ್ದಿದ್ದವು. ಅವು ಏನೆಂದು ಪೊಲೀಸರಿಗೇ ಇನ್ನೂ ತೀರ್ಮಾನವಾಗಿರಲಿಲ್ಲ. ಹಚ್ಚಿದರೆ ನಾವೂ ಬೆಳೆದವರಾಗುತ್ತೇವೆ.

"ಮುಟ್ಬೇಡಿ ಸರ್," ಎಂದ ದಿನಕರ. "ನಮ್ಮೆಲ್ಲರ ಬಸ್ಮಾ ಅವ್ರತ್ರ ಇದೆ. ಲೋಟದ ಮೇಲೆ ಬೆರಳ ಗುರುತು ಸಿಕ್ಕಿದ್ರೆ ಖಲಾಸ್."

ಬಸ್ಮಾ ಎಂದರೆ ಬೆರಳಚ್ಚು; ಇಕಾಮಾ, ಅಂದರೆ ವಾಸದ ಪರವಾನಗಿ, ಇರುವ ಎಲ್ಲರೂ ಕೊಟ್ಟಿರುತ್ತೇವೆ. ಭಾರತಿ ನನ್ನ ಮುಖ ನೋಡಿದಳು. ನಾನು ಸಸಿಗಳನ್ನು ನೋಡಿದೆ. ತುದಿಯ ಎಲೆಗಳು ಆಗಲೇ ಜೋಲುತ್ತಿದ್ದವು.

ಸೆವ್ರಿನ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮೊಣಕಾಲೂರಿ ಕೂತರು. ಒಂದು ಸಸಿಯನ್ನು ಎತ್ತಿ ಬೇರನ್ನು ಅಂಗೈಯಿಂದ ಮುಚ್ಚಿದರು. "ಇರ್ಲಿ ಮಾರಾಯ, ನನ್ನ ಬಸ್ಮಾವೂ ಉಂಟು ಅವರ ಹತ್ರ. ಪುಂಡಿ ನೆಟ್ಟವಳು ಅಂತ ಬರ್ಕೊಳ್ಳಲಿ. ಎಂತ ನೋಡುದು ನೀವೆಲ್ಲ? ನೀರು ತನ್ನಿ."

ಭಾರತಿ ಕೆಳಗೆ ಓಡಿ ಟವೆಲುಗಳನ್ನು ಒದ್ದೆ ಮಾಡಿ ತಂದಳು. ನಾನು ಕುಳಿ ತೋಡಲು ಕೂತೆ. ದಿನಕರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. "ಸುಮ್ನೆ ಜೋಕ್ ಮಾಡ್ದೆ ಬಾಯಿ, ಸುಮ್ನೆ ಜೋಕ್," ಎಂದ.

"ಗೊತ್ತುಂಟು. ಈಗ ಜೋಕ್ ಬಿಟ್ಟು ಇದನ್ನು ಹಿಡಿ," ಎಂದು ಸೆವ್ರಿನ್ ಬಾಯಿ ಅವನ ಕೈಗೆ ಒಂದು ಸಸಿ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಪ್ರಾರ್ಥನೆಯ ಕರೆ ಬಂತು, ಮುಗಿಯಿತು. ನಾವು ಹಚ್ಚುತ್ತಲೇ ಇದ್ದೆವು. ಅಬು ಸಮೀರ್ ಮಸೀದಿಯಿಂದ ಬಂದವನು ತನ್ನ ಕೋಣೆಯಿಂದ ಒಂದು ಹಳೆಯ ಚಾದರ ತಂದು ಎರಡು ಡಿಶ್‌ಗಳ ನಡುವೆ ಕಟ್ಟಿ ನೆರಳು ಮಾಡಿದ. ಹಚ್ಚಿದ್ದು ಚೆನ್ನಾಗಿರಲಿಲ್ಲ. ಕೆಲವು ವಾಲಿದ್ದವು. ಕೆಲವನ್ನು ಕುತ್ತಿಗೆಯವರೆಗೆ ಹೂತಿದ್ದೆವು. ಆದರೆ ಒಂದನ್ನೂ ಬಿಸಿಲಿನಲ್ಲಿ ಬಿಡಲಿಲ್ಲ.

ಠಾಣೆಯಲ್ಲಿ ಏನಾಯಿತು ಎಂದು ನಾನು ನೋಡಿಲ್ಲ, ನೋಡದ್ದನ್ನು ಬರೆಯುವುದಿಲ್ಲ. ಅಕ್ಕ ಹೇಳಿದ್ದು ಇಷ್ಟು: ಗಿಡಗಳ ವಿಷಯ ತಿಳಿದವರೊಬ್ಬರು ಬಂದರು, ಎಲೆ ನೋಡಿದರು, ಹೂವು ನೋಡಿದರು, ಎಲೆಯ ಚೂರೊಂದನ್ನು ಕಡಿದು ಮುಖ ಕಿವುಚಿದರು, ಕಾಗದದಲ್ಲಿ ಏನೋ ಬರೆದರು. ಆಮೇಲೆ ಎಲ್ಲರಿಗೂ ಚಹಾ ಬಂತು. ಯಾರ ಫೋನೂ ಹೋಗಿರಲಿಲ್ಲ, ಯಾರ ಫೋನೂ ಬಂದಿರಲಿಲ್ಲ.

ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಮೆಟ್ಟಿಲಿನಲ್ಲಿ ಅವರ ದನಿ ಕೇಳಿತು. ಲಿಫ್ಟ್ ಆ ದಿನ ಕೆಟ್ಟಿತ್ತು. "ಶ್ವಯ್ ಶ್ವಯ್," ನಿಧಾನ, ನಿಧಾನ, ಎನ್ನುತ್ತಿದ್ದರು, ಸ್ಟ್ರೆಚರ್ ತಳ್ಳುವವನಿಗೆ ಹೇಳುವ ಹಾಗೆ. ಮೊದಲು ಬಾಗಿಲಿನಲ್ಲಿ ಕಂಡದ್ದು ಹೂವು. ಆಮೇಲೆ ಎಲೆಗಳು. ಆಮೇಲೆ, ಆ ಕುಂಡವನ್ನು ಎದೆಗೆ ಅವಚಿಕೊಂಡು ಏದುಸಿರು ಬಿಡುತ್ತ ಬೆಳಗಿನ ಕಿರಿಯವನು. ಅವನ ಬಿಳಿ ದಿಶ್‌ದಾಶಾದ ಮುಂಭಾಗವೆಲ್ಲ ಮಣ್ಣಾಗಿತ್ತು. ಅವನ ಹಿಂದೆ ಅಕ್ಕ, ಬೆಳಿಗ್ಗೆ ಉಟ್ಟ ಸೀರೆಯಲ್ಲಿ, ತಲೆ ಎತ್ತಿಕೊಂಡು. ಅವರು ತೋರಿಸಿದ ಜಾಗದಲ್ಲಿ, ಇನ್ನೂ ಸ್ವಲ್ಪ ಈಚೆ, ಇನ್ನೂ ಸ್ವಲ್ಪ, ಎಂದು ಹೇಳಿಸಿಕೊಂಡು ಅವನು ಕುಂಡ ಇಳಿಸಿದ. ಸೊಂಟ ನೇರ ಮಾಡಿದ. ಹಚ್ಚಿದ ಪೆಟ್ಟಿಗೆಗಳನ್ನು ನೋಡಿದ. ಎದೆಯ ಮೇಲೆ ಅಂಗೈ ಇಟ್ಟು ಅಕ್ಕನಿಗೆ ಒಂದು ಮಾತು ಹೇಳಿ ಇಳಿದುಹೋದ. ಕ್ಷಮೆ ಎನ್ನುವ ಮಾತು ಅದು. ಅದನ್ನು ನಾನು ಕೇಳಿದ್ದೇನೆ.

ಸೆವ್ರಿನ್ ಬಾಯಿ ಅಕ್ಕನನ್ನು ಅಪ್ಪಿಕೊಂಡರು. ಅಕ್ಕ ಅವರ ಭುಜದ ಮೇಲಿನಿಂದ ಪೆಟ್ಟಿಗೆಗಳನ್ನೇ ನೋಡುತ್ತಿದ್ದರು.

"ಇದು ಯಾರು ಹಚ್ಚಿದ್ದು?" ಎಂದರು. "ಇಷ್ಟು ಆಳ? ಬಾವಿಯಾಗ ಇಳಿಸೀರೇನು?"

"ನಾನು," ಎಂದೆ.

"ಮತ್ತ ಇದು? ಕುಡದು ನಿಂತಂಗ ನಿಂತದ."

"ನಾನು ಅಕ್ಕ," ಎಂದ ದಿನಕರ. ಅವನ ಕಣ್ಣು ತುಂಬಿತ್ತು. "ಅಕ್ಕ, ಆ ಫೋಟೋ..."

"ಫೋಟೋ ಇರ್ಲಿ. ಎಲ್ಲಾ ಹಚ್ಚೀರಲ್ಲ. ಒಂದೂ ಬಿಟ್ಟಿಲ್ಲ." ಅವರು ಸಾಲಿನಿಂದ ಸಾಲಿಗೆ ಹೋಗಿ ಎಲ್ಲವನ್ನೂ ನೋಡಿದರು. ಆಗ ಮಾತ್ರ, ನಮಗೆ ಬೆನ್ನು ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡರು. "ಕಲಬುರ್ಗಿಯೊಳಗ ಹೇಳ್ತೀನಿ ನೋಡ್ರಿ, ನಮ್ಮ ಪುಂಡಿ ಪೊಲೀಸ್ ಗಾಡಿಯಾಗ ಊರು ಸುತ್ತಿ ಬಂದದ ಅಂತ. ದಿನಕರಾ, ಸಾಯಬ್ಯಾಡ, ಬಾ. ನಾಳಿ ನೀನೇ ನೀರು ಹಾಕಬೇಕು."

ಅವನು ಹಾಕಿದ. ಕೆಲವು ಸಸಿಗಳು ಹೋದವು; ಹೆಚ್ಚಿನವು ನಿಂತವು. ಡಿಸೆಂಬರ್ ಕೊನೆಯ ಆ ಊಟಕ್ಕೆ ಎರಡು ದೊಡ್ಡ ಪಾತ್ರೆ ಪುಂಡಿ ಪಲ್ಯ ಆಯಿತು. ಬಡಿಸಿದವನು ದಿನಕರ. ಎಲೆಯ ಮುಂದೆ ಕೂತವರು, ಪ್ರಸಾದ ಬಂತೇನಪ್ಪ, ಎಂದು ಅವನನ್ನು ಕೆಣಕಿದರು. ಅವನು ನಗಲಿಲ್ಲ; ಅವರಿಗೆ ಒಂದು ಸೌಟು ಹೆಚ್ಚು ಹಾಕಿದ. ಮತ್ತೆ ಕೇಳಿ ಹಾಕಿಸಿಕೊಂಡವರಲ್ಲಿ, ಬೀಳ್ಕೊಡುಗೆಯ ದಿನ ಅದು ಗಾಂಜಾವೇ ಆಗಿತ್ತು ಎಂದು ಹೇಳಿದ ಮಹಾನುಭಾವರೂ ಇದ್ದರು.

ಅಕ್ಕನನ್ನು ಬಿಡಿಸಿದ್ದು ಪುಂಡಿಯ ಹೂವು, ಅವರ ಧೈರ್ಯ, ಮತ್ತು ಹೂವನ್ನು ನೋಡಬಲ್ಲ ಒಬ್ಬ ಹಿರಿಯರ ಕಣ್ಣು. ಬೇರೆ ಯಾರೂ ಅಲ್ಲ. ನನ್ನೊಬ್ಬನ ಮಾತು ಸಾಲದಿದ್ದರೆ ನೋಡಿದವರು ಬೇರೆಯವರಿದ್ದಾರೆ. ಅಬು ಸಮೀರ್ ಇಲ್ಲ. ರಜೆಗೆ ಊರಿಗೆ ಹೋದವನು ಅಲ್ಲಿಯೇ ತೀರಿಕೊಂಡ. ಆ ಇಬ್ಬರು ಅಧಿಕಾರಿಗಳು ಈಗ ಎಲ್ಲಿದ್ದಾರೋ ತಿಳಿಯದು. ನನ್ನ ಹೆಂಡತಿ ಭಾರತಿ ಇದ್ದಾಳೆ. ಸೆವ್ರಿನ್ ಬಾಯಿ ಇದ್ದಾರೆ, ಅದೇ ಮಹಡಿಯಲ್ಲಿ, ಅದೇ ಮನೆಯಲ್ಲಿ. ದಿನಕರ ಈಗ ಕುವೈತಿನ ಎಗೈಲಾದಲ್ಲಿದ್ದಾನೆ. ಕೇಳಿದರೆ ಮೊದಲು ತಲೆ ತಗ್ಗಿಸುತ್ತಾನೆ, ಆಮೇಲೆ ತಲೆ ಎತ್ತಿ, ಹೌದು, ಪೊಲೀಸ್ ಅಧಿಕಾರಿಯೇ ಕುಂಡ ಹೊತ್ತು ತಂದ, ನಾನು ನೋಡಿದೆ, ಎನ್ನುತ್ತಾನೆ.